ನಾಲ್ಕು ಊರು, 41 ಮತ: ಕಾಂಡೋರ್ಸೆ ಇಂಟರ್ನೆಟ್ ವೋಟಿಂಗ್ ಸರ್ವಿಸ್ ಬಳಸಿ ನೋಡಿದ ಮೇಲೆ

ಮೈಸೂರಿನ ನಮ್ಮ ಓದುಗರ ಬಳಗದಲ್ಲಿ 45 ಮಂದಿ ಇದ್ದೇವೆ. ತಿಂಗಳಿಗೊಮ್ಮೆ ಸೇರಿ ಓದಿದ್ದನ್ನು ಹಂಚಿಕೊಳ್ಳುವುದು, ವರ್ಷಕ್ಕೊಮ್ಮೆ ಡಿಸೆಂಬರಿನಲ್ಲಿ ಬಸ್ಸು ಮಾಡಿಕೊಂಡು ಒಂದು ಹಳೆಯ ಊರಿಗೆ ಹೋಗಿಬರುವುದು ಬಳಗ ಹುಟ್ಟಿದಂದಿನಿಂದ ನಡೆದುಬಂದ ವಾಡಿಕೆ. ಊರು ಯಾವುದೆಂದು ತೀರ್ಮಾನಿಸುವ ಹೊತ್ತಿಗೆ ಮಾತ್ರ ಪ್ರತಿವರ್ಷವೂ ಕೆಲವರ ಮನಸ್ಸು ಮುರಿಯುತ್ತಿತ್ತು. ಕಳೆದ ವರ್ಷ ಒಂದು ಉಚಿತ ಫಾರ್ಮ್ ಸೇವೆಯಲ್ಲಿ ಮೂರು ಊರುಗಳ ಹೆಸರಿಟ್ಟು, ಒಂದಕ್ಕೆ ಮಾತ್ರ ಗುರುತು ಹಾಕುವಂತೆ ಎಲ್ಲರನ್ನೂ ಕೇಳಿದ್ದೆವು. ಸೋಮನಾಥಪುರ-ತಲಕಾಡಿಗೆ 16, ಹಂಪಿಗೆ 13, ಬಾದಾಮಿಗೆ 11 ಮತಗಳು ಬಂದವು. ಮತ ಹಾಕಿದ 40 ಮಂದಿಯಲ್ಲಿ 24 ಮಂದಿ ಮೂರು ದಿನದ ದೂರದ ಪ್ರವಾಸವನ್ನೇ ಬಯಸಿದ್ದರೂ, ಅವರ ಮತಗಳು ತುಂಗಭದ್ರೆಯ ದಂಡೆಗೂ ಮಲಪ್ರಭೆಯ ದಂಡೆಗೂ ಹಂಚಿಹೋದ ಕಾರಣ, ಬೆಳಿಗ್ಗೆ ಹೊರಟು ಸಂಜೆಗೆ ಮನೆ ಸೇರುವ ಪ್ರವಾಸವೇ ಬಳಗದ ಪಾಲಿಗೆ ಬಂತು. ಹಲವರು ಬರಲೇ ಇಲ್ಲ.

ಈ ವರ್ಷ ಮತದಾನ ನಡೆಸುವ ಜವಾಬ್ದಾರಿಯನ್ನು ಬಳಗ ನನಗೆ ವಹಿಸಿತು. ಒಂದಕ್ಕೆ ಗುರುತು ಹಾಕಿಸುವ ಬದಲು, ಇಷ್ಟದ ಕ್ರಮದಲ್ಲಿ ಎಲ್ಲ ಊರುಗಳಿಗೂ ಅಂಕಿ ಕೊಡಿಸಬೇಕೆಂದು ತೀರ್ಮಾನಿಸಿ ಸೂಕ್ತವಾದ ಸೇವೆಯನ್ನು ಹುಡುಕತೊಡಗಿದೆ. ಮೊದಲು ಸಿಕ್ಕಿದ ಸೇವೆಯೊಂದು ನೋಡಲು ಅಂದವಾಗಿತ್ತು. ಆದರೆ ಅಂಕಿಗಳನ್ನು ಪಡೆದ ಮೇಲೆ ಅವನ್ನು ಯಾವ ನಿಯಮದಿಂದ ಎಣಿಸುತ್ತದೆ ಎಂಬುದನ್ನು ಅದು ಎಲ್ಲಿಯೂ ಬರೆದಿರಲಿಲ್ಲ. ಅದರ ಹೆಸರು ಇಲ್ಲಿ ಬೇಡ. ಆ ಒಂದು ಕೊರತೆಯೇ ನನ್ನನ್ನು ಕಾಂಡೋರ್ಸೆ ಇಂಟರ್ನೆಟ್ ವೋಟಿಂಗ್ ಸರ್ವಿಸ್, ಅಂದರೆ ಸಿಐವಿಎಸ್, ಕಡೆಗೆ ಕರೆತಂದಿತು. ಪ್ರಾಶಸ್ತ್ಯ ಮತದಲ್ಲಿ ಮತದಾರ ಏನು ಬರೆದ ಎಂಬುದರಷ್ಟೇ, ಬರೆದದ್ದನ್ನು ಹೇಗೆ ಎಣಿಸಿದರು ಎಂಬುದೂ ಮುಖ್ಯ ಎನ್ನುವುದನ್ನು ನಾನು ಕಲಿತದ್ದು ಈ ಸೇವೆಯಿಂದ. ಆದ್ದರಿಂದ ಈ ವಿಮರ್ಶೆಯ ಹೆಚ್ಚಿನ ಪಾಲು ಎಣಿಕೆಯ ಬಗ್ಗೆಯೇ ಇದೆ.

ಸಿಐವಿಎಸ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಕ ವಿಜ್ಞಾನಿ ಆ್ಯಂಡ್ರೂ ಮೈಯರ್ಸ್ ಅವರು ರೂಪಿಸಿದ ಸೇವೆ. 2003ರಿಂದ ನಡೆಯುತ್ತಿದೆ, ಹಣ ಕೊಡಬೇಕಾಗಿಲ್ಲ, ಅದರ ತಂತ್ರಾಂಶದ ಮೂಲ ಸಂಕೇತವೂ (ಸೋರ್ಸ್ ಕೋಡ್) ಎಲ್ಲರಿಗೂ ತೆರೆದಿದೆ. ಹೆಸರಿನಲ್ಲಿರುವ ಕಾಂಡೋರ್ಸೆ 18ನೆಯ ಶತಮಾನದ ಫ್ರೆಂಚ್ ಗಣಿತಜ್ಞ. ಫ್ರಾನ್ಸಿನ ಕ್ರಾಂತಿಯಲ್ಲಿ ಭಾಗಿಯಾಗಿ, ಕೊನೆಗೆ ಅದೇ ಕ್ರಾಂತಿಯ ಸೆರೆಯಲ್ಲಿ 1794ರಲ್ಲಿ ತೀರಿಕೊಂಡ ಈ ಮನುಷ್ಯ, ಅದಕ್ಕೂ ಒಂಬತ್ತು ವರ್ಷ ಮೊದಲು, 1785ರಲ್ಲಿ, ಬಹುಮತದ ತೀರ್ಮಾನಗಳ ಮೇಲೆ ಒಂದು ದೀರ್ಘ ಪ್ರಬಂಧ ಬರೆದಿದ್ದ. ಉಳಿದ ಪ್ರತಿಯೊಬ್ಬ ಅಭ್ಯರ್ಥಿಯನ್ನೂ ಒಬ್ಬರಿಗೊಬ್ಬರು ಎದುರಾದಾಗ ಸೋಲಿಸಬಲ್ಲ ಅಭ್ಯರ್ಥಿ ಇದ್ದರೆ ಆತನೇ ಗೆಲ್ಲಬೇಕು ಎಂಬುದು ಅವನ ಮಾತಿನ ತಿರುಳು. ಸೇವೆಯ ಎಣಿಕೆ ನಿಂತಿರುವುದು ಇದೇ ತಳಹದಿಯ ಮೇಲೆ.

ಮತದಾನವನ್ನು ಸಿದ್ಧಪಡಿಸಲು ನನಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ. ಶೀರ್ಷಿಕೆ, ಆಯ್ಕೆಗಳು, ಮೇಲ್ವಿಚಾರಕರ ಇಮೇಲ್ ಇವಿಷ್ಟನ್ನು ತುಂಬಿ, ಮತದಾನ ಖಾಸಗಿಯೋ ಬಹಿರಂಗವೋ ಎಂಬುದನ್ನು ಆರಿಸಿಕೊಳ್ಳಬೇಕು. ಖಾಸಗಿ ಎಂದರೆ ಮತದಾರರ ಇಮೇಲ್ ವಿಳಾಸಗಳನ್ನು ನಾವು ಕೊಡುತ್ತೇವೆ, ಒಬ್ಬೊಬ್ಬರಿಗೂ ಅವರದೇ ಆದ ಕೊಂಡಿ ಹೋಗುತ್ತದೆ, ಆ ಕೊಂಡಿಯಿಂದ ಒಮ್ಮೆ ಮಾತ್ರ ಮತ ಹಾಕಬಹುದು. ಇಲ್ಲಿ ಮುಂಚಿತವಾಗಿ ಮಾಡಿಕೊಳ್ಳಬೇಕಾದ ಒಂದು ಕೆಲಸವಿದೆ: ಬೇಡದ ಅಂಚೆ ಯಾರಿಗೂ ಹೋಗಬಾರದೆಂಬ ಎಚ್ಚರದಿಂದ, ಮತದಾರರು ತಮ್ಮ ಇಮೇಲ್ ವಿಳಾಸವನ್ನು ಮೊದಲೊಮ್ಮೆ ತಾವೇ ಸಕ್ರಿಯಗೊಳಿಸಿ ಒಪ್ಪಿಗೆ ಕೊಡಬೇಕು. ಇದನ್ನು ಒಂದು ವಾರ ಮೊದಲೇ ತಿಳಿಸಿಬಿಡುವುದು ಒಳ್ಳೆಯದು. ನಾನು ಹಿರಿಯ ಸದಸ್ಯರಿಗಾಗಿ ಹಂತಗಳನ್ನೆಲ್ಲ ಕನ್ನಡದಲ್ಲಿ ಬರೆದ ಒಂದು ಹಾಳೆಯನ್ನು ತಿಂಗಳ ಸಭೆಯಲ್ಲಿ ಹಂಚಿದೆ. ಇಬ್ಬರ ಮನೆಗೆ ಹೋಗಿ ಅವರ ಫೋನಿನಲ್ಲಿಯೇ ಮಾಡಿಸಿ ಬಂದೆ. ಆಯ್ಕೆಗಳ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟೆವು.

ಮತಪತ್ರದ ಪುಟ ಸರಳವಾಗಿದೆ. ಪ್ರತಿ ಆಯ್ಕೆಯ ಮುಂದೆ ಒಂದು ಅಂಕಿ, ಅದನ್ನು ಬದಲಿಸಿದ ಹಾಗೆ ಪಟ್ಟಿಯೇ ಮೇಲೆ ಕೆಳಗೆ ಸರಿದು ಕೂರುತ್ತದೆ. ನನಗೆ ಬಹಳ ಹಿಡಿಸಿದ ಎರಡು ಸಂಗತಿಗಳನ್ನು ಹೇಳಬೇಕು. ಮೊದಲನೆಯದು, ಬೇಡವೆಂದು ನಾವೇ ಹೇಳದ ಹೊರತು ಆಯ್ಕೆಗಳು ಒಬ್ಬೊಬ್ಬ ಮತದಾರರಿಗೆ ಒಂದೊಂದು ಕ್ರಮದಲ್ಲಿ ಕಾಣಿಸುತ್ತವೆ. ಪಟ್ಟಿಯ ತಲೆಯಲ್ಲಿರುವ ಹೆಸರಿಗೆ ಯೋಚಿಸದೆ ಬೀಳುವ ಮತಗಳ ಲಾಭ ಯಾರಿಗೂ ಸಿಗಬಾರದೆಂಬ ಕಾಳಜಿ ಇದರ ಹಿಂದಿದೆ. ಎರಡನೆಯದು, ಎರಡು ಆಯ್ಕೆಗಳು ನಮಗೆ ಸಮಾನವೆನಿಸಿದರೆ ಎರಡಕ್ಕೂ ಒಂದೇ ಸ್ಥಾನ ಕೊಡಬಹುದು. ನಮ್ಮ ವಿಧಾನ ಪರಿಷತ್ತಿನ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರಗಳ ಚುನಾವಣೆಯಲ್ಲಿ ಇದಕ್ಕೆ ಅವಕಾಶವಿಲ್ಲ. ದಕ್ಷಿಣ ಪದವೀಧರ ಕ್ಷೇತ್ರದ ಮತದಾರನಾದ ನಾನು ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ 1, 2, 3 ಎಂದು ಬರೆದವನೇ. ಅಲ್ಲಿ ಕನ್ನಡದ ಅಂಕಿಗಳಲ್ಲಿ ಬರೆದರೂ ಮತ ಊರ್ಜಿತ. ಆದರೆ 1 ಎಂಬ ಅಂಕಿಯನ್ನೇ ಬರೆಯದಿದ್ದರೆ, ಅಥವಾ ಅದನ್ನು ಇಬ್ಬರ ಮುಂದೆ ಬರೆದರೆ, ಮತಪತ್ರ ತಿರಸ್ಕೃತವಾಗುತ್ತದೆ.

ಈ ವರ್ಷ ಕಣದಲ್ಲಿ ನಾಲ್ಕು ಊರುಗಳಿದ್ದವು: ಹತ್ತಿರದ ಸೋಮನಾಥಪುರ-ತಲಕಾಡು, ಒಂದು ರಾತ್ರಿ ತಂಗಬೇಕಾದ ಬೇಲೂರು-ಹಳೇಬೀಡು, ದೂರದ ಹಂಪಿ, ಇನ್ನೂ ದೂರದ ಬಾದಾಮಿ-ಐಹೊಳೆ-ಪಟ್ಟದಕಲ್ಲು. 41 ಮಂದಿ ಮತ ಹಾಕಿದರು. ನಿಗದಿಯಾದ ರಾತ್ರಿ ನಾನೇ ಗುಂಡಿ ಒತ್ತಿ ಮತದಾನ ಮುಗಿಸಿದೆ, ಫಲಿತಾಂಶದ ಪುಟ ತೆರೆದುಕೊಂಡಿತು. ಬೇಲೂರು-ಹಳೇಬೀಡು ಗೆದ್ದಿತ್ತು.

ಈ ಪುಟದಲ್ಲಿಯೇ ಸೇವೆಯ ನಿಜವಾದ ಬೆಲೆ ಇರುವುದು. ಗೆದ್ದ ಹೆಸರನ್ನು ಹೇಳಿ ಅದು ಸುಮ್ಮನಾಗುವುದಿಲ್ಲ. ಪ್ರತಿ ಊರನ್ನೂ ಉಳಿದ ಪ್ರತಿ ಊರಿನ ಎದುರು ನಿಲ್ಲಿಸಿ, ಎಷ್ಟು ಮಂದಿ ಇದನ್ನು ಅದಕ್ಕಿಂತ ಮೇಲಿಟ್ಟರು ಎಂಬ ಕೋಷ್ಟಕವನ್ನು ಮುಂದಿಡುತ್ತದೆ. ಬೇಲೂರು ಸೋಮನಾಥಪುರದ ಎದುರು 27ಕ್ಕೆ 14ರಿಂದ, ಹಂಪಿಯ ಎದುರು 24ಕ್ಕೆ 17ರಿಂದ, ಬಾದಾಮಿಯ ಎದುರೂ 24ಕ್ಕೆ 17ರಿಂದ ಗೆದ್ದಿತ್ತು. ಮೂರೂ ಜೋಡಿಗಳಲ್ಲಿ ಅದೇ ಮುಂದು. ಕಾಂಡೋರ್ಸೆ ಹೇಳಿದ ವಿಜೇತ ಎಂದರೆ ಇದೇ. ಮತಪತ್ರಗಳನ್ನು ಹಾಕಿದವರ ಹೆಸರಿಲ್ಲದೆ ಪ್ರಕಟಿಸುವ ಸೌಲಭ್ಯವನ್ನು ನಾನು ಮೊದಲೇ ಆರಿಸಿಕೊಂಡಿದ್ದರಿಂದ, 41 ಮತಪತ್ರಗಳೂ ಕೆಳಗೆ ಸಾಲಾಗಿ ಕಾಣುತ್ತಿದ್ದವು.

ಸಭೆಯಲ್ಲಿ ಫಲಿತಾಂಶ ಓದಿದಾಗ ಒಬ್ಬ ಹಿರಿಯರು ಎದ್ದು ನಿಂತು, ನ್ಯಾಯವಾದ ಪ್ರಶ್ನೆಯನ್ನೇ ಕೇಳಿದರು: "ಬೇಲೂರಿಗೆ ಮೊದಲ ಸ್ಥಾನ ಕೊಟ್ಟವರು ಎಷ್ಟು ಜನ ಸ್ವಾಮಿ?" ಹತ್ತು ಜನ ಎಂದೆ. ಸೋಮನಾಥಪುರಕ್ಕೆ 14, ಬಾದಾಮಿಗೆ 9, ಹಂಪಿಗೆ 8. "ಹಾಗಾದರೆ ಹದಿನಾಲ್ಕು ಸೋತು ಹತ್ತು ಗೆದ್ದದ್ದು ಹೇಗೆ?" ಈ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂದು ಅಂದು ರಾತ್ರಿ ಮತಪತ್ರಗಳನ್ನು ಮುಂದಿಟ್ಟುಕೊಂಡು, ನಾನಾ ನಿಯಮಗಳಿಂದ ಕೈಯಾರೆ ಎಣಿಸಿದೆ. ಮತಗಳು ಐದು ಗುಂಪುಗಳಾಗಿ ಬಿದ್ದಿದ್ದವು. ಸೋಮನಾಥಪುರ, ಬೇಲೂರು, ಹಂಪಿ, ಬಾದಾಮಿ ಎಂಬ ಕ್ರಮದಲ್ಲಿ 14. ಬೇಲೂರು, ಸೋಮನಾಥಪುರ, ಹಂಪಿ, ಬಾದಾಮಿ ಎಂದು 5. ಬೇಲೂರು, ಹಂಪಿ, ಬಾದಾಮಿ, ಸೋಮನಾಥಪುರ ಎಂದು 5. ಹಂಪಿ, ಬಾದಾಮಿ, ಬೇಲೂರು, ಸೋಮನಾಥಪುರ ಎಂದು 8. ಬಾದಾಮಿ, ಹಂಪಿ, ಬೇಲೂರು, ಸೋಮನಾಥಪುರ ಎಂದು 9.

ಮೊದಲ ಸ್ಥಾನಗಳನ್ನಷ್ಟೇ ನೋಡಿದರೆ 14 ಮತಗಳ ಸೋಮನಾಥಪುರ ಗೆಲ್ಲುತ್ತದೆ. ಆದರೆ ಅದನ್ನು 22 ಮಂದಿ ಕಟ್ಟಕಡೆಗೆ ಇಟ್ಟಿದ್ದಾರೆ, ಅಂದರೆ ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ. ಕಳೆದ ವರ್ಷದ ಮುನಿಸಿಗೆ ಕಾರಣವಾದ ನಿಯಮ ಇದೇ.

ಇನ್ನು ನಮ್ಮ ಪರಿಷತ್ ಚುನಾವಣೆಯ ಹಾಗೆ, ಸುತ್ತು ಸುತ್ತಾಗಿ ಎಣಿಸೋಣ. ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬಂದಿಲ್ಲವಾದ್ದರಿಂದ ಎಲ್ಲರಿಗಿಂತ ಕಡಿಮೆ, ಎಂಟು ಮತ ಪಡೆದ ಹಂಪಿ ಮೊದಲು ಹೊರಗೆ ಹೋಗುತ್ತದೆ. ಅದರ ಎಂಟೂ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಬಾದಾಮಿಗೆ. ಬಾದಾಮಿ 17ಕ್ಕೆ ಏರುತ್ತದೆ. ಈಗ ಕಡಿಮೆ ಇರುವುದು 10 ಮತಗಳ ಬೇಲೂರು, ಅದೂ ಹೊರಗೆ. ಅದರ ಐದು ಮತ ಸೋಮನಾಥಪುರಕ್ಕೆ, ಇನ್ನೈದು ಹಂಪಿಯನ್ನು ದಾಟಿ ಬಾದಾಮಿಗೆ ಸೇರುತ್ತವೆ. ಕೊನೆಗೆ ಬಾದಾಮಿ 22, ಸೋಮನಾಥಪುರ 19. ಬಾದಾಮಿ ಗೆದ್ದಿತು. ಆದರೆ ಕೋಷ್ಟಕವನ್ನು ನೋಡಿ: ಹಂಪಿಯೋ ಬಾದಾಮಿಯೋ ಎಂದು ಎರಡನ್ನೇ ಹೋಲಿಸಿದರೆ 32 ಮಂದಿ ಹಂಪಿ ಎನ್ನುತ್ತಾರೆ, ಒಂಬತ್ತೇ ಮಂದಿ ಬಾದಾಮಿ ಎನ್ನುತ್ತಾರೆ. ಆ ಹಂಪಿ ಮೊದಲ ಸುತ್ತಿನಲ್ಲಿಯೇ ಹೊರಗೆ ಹೋಗಿ ಬಾದಾಮಿ ಗೆಲ್ಲುತ್ತದೆ. ಮತಪತ್ರಗಳು ಅವೇ, ಅಂಕಿಗಳು ಅವೇ. ನಿಯಮ ಬದಲಾದಂತೆ ಒಮ್ಮೆ ಸೋಮನಾಥಪುರ, ಒಮ್ಮೆ ಬಾದಾಮಿ, ಒಮ್ಮೆ ಬೇಲೂರು. ಇದನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದಾಗ ಪ್ರಶ್ನೆ ಕೇಳಿದ ಹಿರಿಯರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತರು.

ಸುತ್ತುಗಳ ಎಣಿಕೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಒಂದೇ ಅಂಕಿಯ ಮತಕ್ಕಿಂತ ಅದು ಎಷ್ಟೋ ಮೇಲು. ನಮ್ಮ ರಾಷ್ಟ್ರಪತಿ ಚುನಾವಣೆಗೆ ಸಂವಿಧಾನದ 55ನೆಯ ವಿಧಿ ಗೊತ್ತುಮಾಡಿರುವುದೂ ಇದೇ ಬಗೆಯ ವರ್ಗಾವಣೆಯ ಮತವನ್ನು. ಇದರ ಅತಿ ರೋಚಕ ಪರೀಕ್ಷೆ ನಡೆದದ್ದು 1969ರಲ್ಲಿ, ಅದಕ್ಕೆ ಕರ್ನಾಟಕದ ನಂಟೂ ಇದೆ. ಜಾಕಿರ್ ಹುಸೇನ್ ಅವರ ನಿಧನದಿಂದ ತೆರವಾದ ಸ್ಥಾನಕ್ಕೆ, ಆ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದ ದಿನಗಳಲ್ಲಿ, ನೀಲಂ ಸಂಜೀವ ರೆಡ್ಡಿಯವರು ಪಕ್ಷದ ಅಭ್ಯರ್ಥಿಯೆಂದು ತೀರ್ಮಾನವಾಯಿತು. ಆಗ ಪಕ್ಷದ ಅಧ್ಯಕ್ಷರಾಗಿದ್ದವರು ನಮ್ಮ ಎಸ್. ನಿಜಲಿಂಗಪ್ಪ. ಸ್ವತಂತ್ರರಾಗಿ ನಿಂತ ವಿ.ವಿ. ಗಿರಿಯವರು ಅದಕ್ಕೆ ಕೆಲವೇ ವರ್ಷಗಳ ಹಿಂದೆ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದವರು. ಜನಸಂಘ ಮತ್ತು ಸ್ವತಂತ್ರ ಪಕ್ಷಗಳು ಸಿ.ಡಿ. ದೇಶಮುಖರ ಬೆನ್ನಿಗಿದ್ದವು, ತಮ್ಮ ಎರಡನೇ ಪ್ರಾಶಸ್ತ್ಯವನ್ನು ರೆಡ್ಡಿಯವರಿಗೆ ಕೊಡಬೇಕೆಂದು ನಿಜಲಿಂಗಪ್ಪನವರು ಆ ಪಕ್ಷಗಳನ್ನು ಕೇಳಿಕೊಂಡರು. ಆ ಮಾತುಕತೆಯೇ, ರೆಡ್ಡಿಯವರನ್ನು ಒಪ್ಪದಿದ್ದ ಪ್ರಧಾನಿ ಇಂದಿರಾ ಗಾಂಧಿಯವರ ಬಣದ ಕೈಗೆ ಆಯುಧವಾಗಿ, ಪಕ್ಷದ ಅಭ್ಯರ್ಥಿಗೇ ಹಾಕಬೇಕೆಂದಿಲ್ಲ ಎಂಬ ಆತ್ಮಸಾಕ್ಷಿಯ ಮತದ ಕರೆಗೆ ದಾರಿಯಾಯಿತು.

ಈ ಚುನಾವಣೆಯಲ್ಲಿ ಸಂಸದರ, ಶಾಸಕರ ಒಂದೊಂದು ಮತಕ್ಕೂ ಗೊತ್ತಾದ ಮೌಲ್ಯವಿರುತ್ತದೆ. ಮೊದಲ ಎಣಿಕೆಯಲ್ಲಿ ಗಿರಿಯವರ ಮತಮೌಲ್ಯ 4,01,515, ರೆಡ್ಡಿಯವರದು 3,13,548, ದೇಶಮುಖರದು 1,12,769. ಗೆಲ್ಲಲು ಬೇಕಿದ್ದ ಕೋಟಾ 4,18,169. ಕೆಳಗಿನವರು ಒಬ್ಬೊಬ್ಬರಾಗಿ ಹೊರಗೆ ಹೋಗಿ, ದೇಶಮುಖರ ಮತಪತ್ರಗಳ ಮುಂದಿನ ಪ್ರಾಶಸ್ತ್ಯಗಳನ್ನೂ ಹಂಚಿದ ಮೇಲೆ ಗಿರಿ 4,20,077, ರೆಡ್ಡಿ 4,05,427. ಸುಮಾರು 88,000ದಷ್ಟಿದ್ದ ಅಂತರ 14,650ಕ್ಕೆ ಇಳಿದುಬಿಟ್ಟಿತು. ನಿಜಲಿಂಗಪ್ಪನವರ ಲೆಕ್ಕಾಚಾರ ತಪ್ಪಾಗಿರಲಿಲ್ಲ, ಸ್ವಲ್ಪದರಲ್ಲಿ ಸಾಲದೇ ಹೋಯಿತು. ಈ ಅಂಕಿಗಳನ್ನು ಮತ್ತೆ ಮತ್ತೆ ನೋಡುವಾಗ ನನ್ನ ಗಮನ ನಿಲ್ಲುವುದು ಎಣಿಕೆಯಾಗದ ಅಂಕಿಗಳ ಮೇಲೆ. ಗಿರಿಯವರ ಮತಪತ್ರಗಳಲ್ಲಿ ಮತ್ತು ರೆಡ್ಡಿಯವರ ಮತಪತ್ರಗಳಲ್ಲಿ ಎರಡನೇ ಪ್ರಾಶಸ್ತ್ಯ ಯಾರಿಗಿತ್ತು ಎಂಬುದನ್ನು ಆ ನಿಯಮ ಕೇಳುವುದೇ ಇಲ್ಲ. ಕೊನೆಯವರೆಗೆ ಕಣದಲ್ಲಿ ಉಳಿದವರಿಗೆ ಮೊದಲ ಸ್ಥಾನ ಕೊಟ್ಟವರ ಕೆಳಗಿನ ಅಂಕಿಗಳು ಮಡಿಸಿದ ಕಾಗದದಲ್ಲಿಯೇ ಉಳಿಯುತ್ತವೆ. ಎಲ್ಲರಿಗೂ ಎರಡನೆಯ ಆಯ್ಕೆಯಾಗಿ ಒಪ್ಪಿತವಾದ ಮೂರನೆಯವರೊಬ್ಬರು ಇದ್ದರೂ, ಮೊದಲ ಸ್ಥಾನಗಳು ಕಡಿಮೆಯಾದರೆ ಅವರು ಬೇಗನೆ ಹೊರಬೀಳುತ್ತಾರೆ. ನಮ್ಮ ಬೇಲೂರಿಗೆ ಆದದ್ದು ಅದೇ.

ಇದು ಪ್ರವಾಸದ ಊರುಗಳಿಗೆ ಮಾತ್ರ ಆಗುವಂಥದ್ದೆಂದು ಯಾರೂ ತಿಳಿಯಬಾರದು. ಅಮೆರಿಕದ ವರ್ಮಾಂಟ್ ರಾಜ್ಯದ ಬರ್ಲಿಂಗ್ಟನ್ ನಗರದಲ್ಲಿ 2009ರ ಮೇಯರ್ ಚುನಾವಣೆಯನ್ನು ಸುತ್ತುಗಳ ಎಣಿಕೆಯಲ್ಲಿ ನಡೆಸಿದರು. ಮೊದಲ ಸ್ಥಾನಗಳಲ್ಲಿ ರಿಪಬ್ಲಿಕನ್ ಪಕ್ಷದ ಕರ್ಟ್ ರೈಟ್ 2,951, ಪ್ರೋಗ್ರೆಸಿವ್ ಪಕ್ಷದ ಬಾಬ್ ಕಿಸ್ 2,585, ಡೆಮಾಕ್ರಟಿಕ್ ಪಕ್ಷದ ಆ್ಯಂಡಿ ಮಾಂಟ್ರೋಲ್ 2,063 ಮತ ಪಡೆದರು. ಮಾಂಟ್ರೋಲ್ ಹೊರಬಿದ್ದ ಮೇಲೆ ಕೊನೆಯ ಸುತ್ತಿನಲ್ಲಿ ಕಿಸ್ 4,313, ರೈಟ್ 4,061. ಮತಪತ್ರಗಳೆಲ್ಲ ಪ್ರಕಟವಾಗಿದ್ದರಿಂದ ಜೋಡಿ ಹೋಲಿಕೆ ಮಾಡಿ ನೋಡಲು ಸಾಧ್ಯವಾಯಿತು. ನೋಡಿದರೆ ಮಾಂಟ್ರೋಲ್ ಅವರು ಕಿಸ್ ಮತ್ತು ರೈಟ್ ಇಬ್ಬರನ್ನೂ ಒಬ್ಬೊಬ್ಬರಾಗಿ ಸೋಲಿಸುವವರಾಗಿದ್ದರು. ಒಂದೇ ಅಂಕಿಯ ನಿಯಮಕ್ಕೆ ರೈಟ್, ಸುತ್ತುಗಳಿಗೆ ಕಿಸ್, ಜೋಡಿ ಹೋಲಿಕೆಗೆ ಮಾಂಟ್ರೋಲ್: ನಮ್ಮ ಕೋಷ್ಟಕದ ಪಡಿಯಚ್ಚು. ಮರುವರ್ಷವೇ ಆ ನಗರದ ಜನ ಮತ ಹಾಕಿ ಆ ಪದ್ಧತಿಯನ್ನು ಕೈಬಿಟ್ಟರು. 2022ರ ಆಗಸ್ಟಿನಲ್ಲಿ ಅಮೆರಿಕದ ಸಂಸತ್ತಿನ ಪ್ರತಿನಿಧಿ ಸಭೆಯಲ್ಲಿ ಅಲಾಸ್ಕ ರಾಜ್ಯಕ್ಕಿರುವ ಸ್ಥಾನದ ವಿಶೇಷ ಚುನಾವಣೆಯಲ್ಲೂ ಇಂಥದ್ದೇ ನಡೆಯಿತು. ಮೇರಿ ಪೆಲ್ಟೋಲಾ ಅವರು ಸಾರಾ ಪೇಲಿನ್ ಅವರನ್ನು 91,266ಕ್ಕೆ 86,026ರಿಂದ ಸೋಲಿಸಿದರು. ಮೂರನೆಯ ಸ್ಥಾನದಲ್ಲಿ ಹೊರಬಿದ್ದ ನಿಕ್ ಬೆಗಿಚ್ ಅವರು ಆ ಇಬ್ಬರಲ್ಲಿ ಯಾರ ಎದುರು ನಿಂತಿದ್ದರೂ ಗೆಲ್ಲುತ್ತಿದ್ದರೆಂಬುದು ಮತಪತ್ರಗಳಿಂದಲೇ ತಿಳಿಯುತ್ತದೆ.

ಅಂಕ ಕೂಡಿಸುವ ಇನ್ನೊಂದು ಹಳೆಯ ಬಗೆಯೂ ಉಂಟು. ಕಾಂಡೋರ್ಸೆಯ ಕಾಲದವನೇ ಆದ ಬೋರ್ಡಾ ಹೇಳಿದ್ದು: ನಾಲ್ಕು ಆಯ್ಕೆಗಳಿದ್ದರೆ ಮೊದಲ ಸ್ಥಾನಕ್ಕೆ 3, ಎರಡನೆಯದಕ್ಕೆ 2, ಮೂರನೆಯದಕ್ಕೆ 1 ಅಂಕ, ಕೊನೆಯದಕ್ಕೆ ಸೊನ್ನೆ. ನಮ್ಮ ಮತಗಳಿಗೆ ಇದನ್ನು ಹಚ್ಚಿದರೆ ಬೇಲೂರು 75, ಹಂಪಿ 71, ಸೋಮನಾಥಪುರ 52, ಬಾದಾಮಿ 48. ಇಲ್ಲಿಯೂ ಬೇಲೂರೇ. ಆದರೂ ಈ ನಿಯಮವನ್ನು ನಮ್ಮ ಬಳಗಕ್ಕೆ ನಾನು ಶಿಫಾರಸು ಮಾಡಲಾರೆ, ಯಾಕೆಂದರೆ ದೂರದ ಪ್ರವಾಸ ಬಯಸಿದ 17 ಮಂದಿ ಒಂದು ಉಪಾಯ ಹೂಡಿದ್ದರೆ ಏನಾಗುತ್ತಿತ್ತು ಎಂದು ಲೆಕ್ಕ ಹಾಕಿ ನೋಡಿದ್ದೇನೆ. ತಮಗೆ ಪೈಪೋಟಿ ಕೊಡುತ್ತಿರುವುದು ಬೇಲೂರು ಎಂದು ಅರಿತು, ನಿಜವಾಗಿ ಮೂರನೆಯ ಸ್ಥಾನದಲ್ಲಿದ್ದ ಬೇಲೂರನ್ನು ಅವರು ಬೇಕೆಂದೇ ಸೋಮನಾಥಪುರಕ್ಕಿಂತ ಕೆಳಗೆ ತಳ್ಳಿದರೆ, ಬೇಲೂರಿನ ಅಂಕ 58ಕ್ಕೆ ಇಳಿದು, ಸೋಮನಾಥಪುರ 69ಕ್ಕೆ ಏರಿ, 71ರ ಹಂಪಿ ಗೆಲ್ಲುತ್ತದೆ. ಮನಸ್ಸಿನಲ್ಲಿಲ್ಲದ್ದನ್ನು ಬರೆದವರಿಗೆ ಬಹುಮಾನ ಸಿಕ್ಕಿದಂತಾಯಿತು.

ಅದೇ ಉಪಾಯವನ್ನು ಸಿಐವಿಎಸ್ ನಿಯಮದಡಿ ಹೂಡಿದ್ದರೆ? ಈ ಲೆಕ್ಕ ನನಗೆ ನಿಜಕ್ಕೂ ಸಮಾಧಾನ ತಂದಿತು. ಆಗ ಸೋಮನಾಥಪುರ ಬೇಲೂರನ್ನು 31ಕ್ಕೆ 10ರಿಂದ ಸೋಲಿಸುತ್ತದೆ. ಬೇಲೂರು ಹಂಪಿಯನ್ನು 24ಕ್ಕೆ 17ರಿಂದ ಸೋಲಿಸುತ್ತದೆ. ಹಂಪಿ ಸೋಮನಾಥಪುರವನ್ನು 22ಕ್ಕೆ 19ರಿಂದ ಸೋಲಿಸುತ್ತದೆ. ಎಲ್ಲರನ್ನೂ ಸೋಲಿಸಿದವರು ಯಾರೂ ಇಲ್ಲ, ಒಂದು ಸುತ್ತು ಬಳಸಿ ಬಂದಂತಾಯಿತು. ಒಬ್ಬೊಬ್ಬ ಮತದಾರನ ಇಷ್ಟದಲ್ಲಿ ಇಂಥ ಗೋಜಲು ಇರದಿದ್ದರೂ ಎಲ್ಲರ ಇಷ್ಟಗಳನ್ನು ಕೂಡಿಸಿದಾಗ ಅದು ಹುಟ್ಟಬಹುದೆಂಬುದನ್ನು ಮೊದಲು ಕಂಡವನೂ ಕಾಂಡೋರ್ಸೆಯೇ. ಸೇವೆಯಲ್ಲಿ ಮೊದಲೇ ಗೊತ್ತುಮಾಡಿರುವ ಮಿನಿಮ್ಯಾಕ್ಸ್ ಎಂಬ ನಿಯಮ ಇಂಥ ಸಂದರ್ಭದಲ್ಲಿ ಪ್ರತಿ ಆಯ್ಕೆಯ ಅತಿ ದೊಡ್ಡ ಸೋಲನ್ನು ನೋಡಿ, ಯಾರ ದೊಡ್ಡ ಸೋಲು ಎಲ್ಲಕ್ಕಿಂತ ಚಿಕ್ಕದೋ ಅವರನ್ನು ಆರಿಸುತ್ತದೆ. ಬೇಲೂರಿನ ದೊಡ್ಡ ಸೋಲಿನಲ್ಲಿ ಎದುರಾಳಿಗೆ 31 ಮತ, ಬಾದಾಮಿಯದರಲ್ಲಿ 32, ಹಂಪಿಯದರಲ್ಲಿ 24, ಸೋಮನಾಥಪುರದ್ದರಲ್ಲಿ 22. ಗೆಲ್ಲುವುದು ಸೋಮನಾಥಪುರ, ಅಂದರೆ ಉಪಾಯ ಹೂಡಿದ ಹದಿನೇಳೂ ಮಂದಿಗೆ ಎಲ್ಲಕ್ಕಿಂತ ಬೇಡವಾಗಿದ್ದ ಊರು. ಪ್ರಾಮಾಣಿಕವಾಗಿ ಬರೆದಿದ್ದರೆ ಬೇಲೂರಾದರೂ ಸಿಗುತ್ತಿತ್ತು. ಎಲ್ಲ ಸಂದರ್ಭಗಳಲ್ಲೂ ಹೀಗೆಯೇ ಆಗುತ್ತದೆಂದು ಹೇಳುವಂತಿಲ್ಲ. ಮೂರು ಅಥವಾ ಹೆಚ್ಚು ಆಯ್ಕೆಗಳಿರುವಾಗ, ನ್ಯಾಯವೆಂದು ನಮಗೆ ಸಹಜವಾಗಿ ತೋರುವ ಕೆಲವೇ ಷರತ್ತುಗಳನ್ನು ಕೂಡ ಪ್ರಾಶಸ್ತ್ಯ ಎಣಿಕೆಯ ಯಾವ ನಿಯಮವೂ ಒಟ್ಟಿಗೆ ಪೂರೈಸಲಾರದೆಂದು ಕೆನೆತ್ ಆರೋ 1951ರಲ್ಲಿಯೇ ಸಾಧಿಸಿದ್ದಾರೆ. ಆದರೆ ಕೊರತೆಗಳಲ್ಲಿಯೂ ಹೆಚ್ಚು ಕಡಿಮೆ ಇವೆ.

ಮಿನಿಮ್ಯಾಕ್ಸ್ ಬೇಡವೆನ್ನುವವರಿಗೆ ಸಿಐವಿಎಸ್ ಬೇರೆ ನಿಯಮಗಳನ್ನೂ ಕೊಡುತ್ತದೆ. ಅತಿ ಬಲವಾದ ಗೆಲುವಿನಿಂದ ಆರಂಭಿಸಿ ಒಂದೊಂದನ್ನೇ ಭದ್ರಪಡಿಸುತ್ತ, ಹಿಂದಿನವಕ್ಕೆ ವಿರುದ್ಧವಾದವನ್ನು ಬಿಡುತ್ತ ಹೋಗುವ ರ್‍ಯಾಂಕ್ಡ್ ಪೇರ್ಸ್ ಇದೆ. ಇದನ್ನು ನಿಕೊಲಸ್ ಟೈಡ್‌ಮನ್ 1987ರಲ್ಲಿ ಮುಂದಿಟ್ಟರು. ಡೆಬಿಯನ್ ಎಂಬ ಮುಕ್ತ ತಂತ್ರಾಂಶದ ಸಮುದಾಯ ತನ್ನ ನಾಯಕರನ್ನು ಆರಿಸಲು ಬಳಸುವ ಶುಲ್ಜೆ ನಿಯಮವೂ ಇದೆ. ಫಲಿತಾಂಶದ ಪುಟದಲ್ಲಿ ನಿಯಮವನ್ನು ಬದಲಿಸಿ ವಿಜೇತ ಬದಲಾಗುತ್ತದೋ ಎಂದು ನೋಡಬಹುದು. ಎಲ್ಲರನ್ನೂ ಸೋಲಿಸಿದ ಆಯ್ಕೆ ಒಂದಿದ್ದರೆ ಇವೆಲ್ಲವೂ ಅದನ್ನೇ ಹೇಳುತ್ತವೆ. ನಮ್ಮ ಮತದಾನದಲ್ಲಿ ಹಾಗೆಯೇ ಆಯಿತು.

ಇಷ್ಟೆಲ್ಲ ಮೆಚ್ಚಿಕೊಂಡರೂ ಈ ಸೇವೆಯನ್ನು ಎಲ್ಲದಕ್ಕೂ ಬಳಸಿರೆಂದು ನಾನು ಹೇಳುವುದಿಲ್ಲ. ಮತಗಳು ದೂರದ ಒಂದು ಗಣಕದಲ್ಲಿ ಕೂಡಿಕೊಳ್ಳುತ್ತವೆ. ಅದನ್ನು ನಡೆಸುವವರ ಮೇಲೂ, ಮತದಾರರ ಪಟ್ಟಿ ಕೊಟ್ಟ ಮೇಲ್ವಿಚಾರಕರ ಮೇಲೂ ನಂಬಿಕೆ ಇರಬೇಕು. ಸಹಕಾರ ಸಂಘ, ನೋಂದಾಯಿತ ಸಂಸ್ಥೆಗಳ ಪದಾಧಿಕಾರಿಗಳ ಚುನಾವಣೆಗೆ ಕಾನೂನು ಮತ್ತು ಬೈಲಾ ಹೇಳುವ ಕ್ರಮವೇ ಇರಲಿ, ಪೆಟ್ಟಿಗೆಯೂ ಕಾಗದವೂ ಇರಲಿ. ಇನ್ನೊಂದು ಮಾತು ಗುಟ್ಟಿನ ಬಗ್ಗೆ. ಹೆಸರಿಲ್ಲದೆ ಮತಪತ್ರಗಳನ್ನು ಪ್ರಕಟಿಸುವ ಸೌಲಭ್ಯವನ್ನು ಹೊಗಳಿದೆ. ಆದರೆ ಹತ್ತು ಮಂದಿಯ ಸಣ್ಣ ಗುಂಪಿನಲ್ಲಿ ಎಂಟು ಆಯ್ಕೆಗಳಿದ್ದರೆ, ಒಬ್ಬೊಬ್ಬರ ಕ್ರಮವೂ ಬೆರಳಚ್ಚಿನಂತೆ ಬೇರೆಯಾಗಿರುತ್ತದೆ, ಯಾರದು ಯಾವುದೆಂದು ಊಹಿಸುವುದು ಕಷ್ಟವಲ್ಲ. ಮನಸ್ತಾಪಕ್ಕೆ ಆಸ್ಪದವಿರುವ ವಿಷಯವಾದರೆ ಆ ಸೌಲಭ್ಯವನ್ನು ಆರಿಸದೆ, ಜೋಡಿ ಹೋಲಿಕೆಯ ಕೋಷ್ಟಕವೊಂದರಿಂದಲೇ ತೃಪ್ತರಾಗುವುದು ಕ್ಷೇಮ.

ಎಲ್ಲಕ್ಕಿಂತ ಹೆಚ್ಚಾಗಿ, ನಿಯಮವನ್ನು ಮತದಾನಕ್ಕೆ ಮುಂಚೆಯೇ ಹೇಳಿಬಿಡಬೇಕು. ಫಲಿತಾಂಶ ಬಂದ ಮೇಲೆ ನಿಯಮ ಆರಿಸಲು ಹೊರಟರೆ ಒಬ್ಬೊಬ್ಬರು ತಮ್ಮ ಊರು ಗೆಲ್ಲುವ ನಿಯಮವನ್ನೇ ಹಿಡಿಯುತ್ತಾರೆ. ನಮ್ಮ ಸಭೆಯಲ್ಲಿ ಬಾದಾಮಿಯವರು ಸುತ್ತುಗಳ ಎಣಿಕೆಯೇ ಸರಿಯೆಂದು ಅರ್ಧ ತಾಸು ವಾದಿಸಿದರು, ಅವರ ವಾದದಲ್ಲಿ ಹುರುಳಿರಲಿಲ್ಲವೆಂದೇನೂ ಅಲ್ಲ. ಮತದಾನದ ಆಹ್ವಾನದಲ್ಲಿ ನಾನು "ಪ್ರತಿ ಊರನ್ನೂ ಪ್ರತಿ ಊರಿನ ಎದುರು ಹೋಲಿಸಿ, ಎಲ್ಲವನ್ನೂ ಸೋಲಿಸಿದ ಊರಿಗೆ ಹೋಗುತ್ತೇವೆ, ಅಂಥದ್ದು ಇಲ್ಲವಾದರೆ ಮಿನಿಮ್ಯಾಕ್ಸ್ ನಿಯಮ" ಎಂದು ಬರೆದಿದ್ದ ಸಾಲನ್ನು ಓದಿ ತೋರಿಸಿದ ಮೇಲೆ ಅವರು ಒಪ್ಪಿದರು. ಆ ಸಾಲು ಇಲ್ಲದೇ ಹೋಗಿದ್ದರೆ ಅವರನ್ನು ಒಪ್ಪಿಸಲು ನನ್ನ ಬಳಿ ಯಾವ ಆಧಾರವೂ ಇರುತ್ತಿರಲಿಲ್ಲ.

ಡಿಸೆಂಬರಿನ ಎರಡನೆಯ ಶನಿವಾರ ಬೇಲೂರಿಗೆ ಹೊರಡುತ್ತೇವೆ, ರಾತ್ರಿ ಹಾಸನದಲ್ಲಿ ತಂಗಿ ಮರುದಿನ ಹಳೇಬೀಡು. ಹೆಸರು ಕೊಟ್ಟವರು ಈಗಾಗಲೇ 38 ಮಂದಿ, ಅವರಲ್ಲಿ ಬಾದಾಮಿಗೆ ಮೊದಲ ಸ್ಥಾನ ಕೊಟ್ಟು ಸಭೆಯಲ್ಲಿ ವಾದಿಸಿದವರೂ ಇದ್ದಾರೆ. ಹಂಪಿಯನ್ನು ಮುಂದಿನ ವರ್ಷದ ಪಟ್ಟಿಯಲ್ಲಿ ಉಳಿಸಿಕೊಳ್ಳಬೇಕೆಂದು ಅದೇ ಸಭೆಯಲ್ಲಿ ಬರೆದಿಟ್ಟಿದ್ದೇವೆ.